ಖಾಲಿ ಡಿವ್‌ನ ಚಿತ್ರಗಳು

ವೆಬ್ ಪುಟಗಳ ರೂಪ ತಿದ್ದುವ ಸಿಎಸ್‌ಎಸ್‌ನಲ್ಲಿ ಬಹಳ ಕಾಲ ತ್ರಿಕೋನ ಬರೆಯುವ ನೇರ ದಾರಿಯೇ ಇರಲಿಲ್ಲ. ಆದರೂ ಬರೆಯುತ್ತಿದ್ದರು. ಒಂದು ಡಿವ್, ಅಂದರೆ ಪುಟದ ಒಂದು ಖಾಲಿ ಪೆಟ್ಟಿಗೆ, ತೆಗೆದುಕೊಳ್ಳಿ. ಅಗಲ ಸೊನ್ನೆ, ಎತ್ತರ ಸೊನ್ನೆ. ನಾಲ್ಕೂ ಬದಿಗೆ 50 ಪಿಕ್ಸೆಲ್ ದಪ್ಪದ ಬಾರ್ಡರ್. ಒಳಗೆ ಜಾಗವೇ ಇಲ್ಲದ ಕಾರಣ ನಾಲ್ಕು ಅಂಚುಗಳೂ ಮೂಲೆಯಿಂದ ಓರೆಯಾಗಿ ಕತ್ತರಿಸಿಕೊಂಡು ನಡುವಿನ ಬಿಂದುವಿನಲ್ಲಿ ಸೇರುತ್ತವೆ. ಮೂರನ್ನು ಪಾರದರ್ಶಕ ಮಾಡಿ ಕೆಳಗಿನದಕ್ಕಷ್ಟೇ ಕೆಂಪು ಕೊಟ್ಟರೆ ತ್ರಿಕೋನ ಎದ್ದು ನಿಲ್ಲುತ್ತದೆ! ಈಗ ಕ್ಲಿಪ್-ಪಾತ್ ಎಂಬ ಗುಣ ಅದೇ ಕೆಲಸವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತದೆ. ನನಗೆ ಮಾತ್ರ ಇಂದಿಗೂ ಆ ಬಾರ್ಡರ್ ತ್ರಿಕೋನದ ಮೇಲೇ ಪ್ರೀತಿ.

ಹೊಕೋನ್ ವಿಯಂ ಲೀ 1994ರಲ್ಲಿ ಸರ್ನ್‌ನಲ್ಲಿದ್ದಾಗ ಸಿಎಸ್‌ಎಸ್‌ನ ಪ್ರಸ್ತಾವ ಮುಂದಿಟ್ಟದ್ದು ಪುಟದ ಅಕ್ಷರ, ಬಣ್ಣ, ಅಂತರಗಳನ್ನು ಒಪ್ಪ ಮಾಡಲು. ಚಿತ್ರ ಬಿಡಿಸಲು ಅಲ್ಲ. ಹಾಗಾಗಿ ಇಲ್ಲಿ ಚಿತ್ರ ಬಿಡಿಸುವುದೆಂದರೆ ಬೇರೆ ಕೆಲಸಕ್ಕೆಂದು ಹುಟ್ಟಿದ ಗುಣಗಳನ್ನು ಪುಸಲಾಯಿಸಿ ಒಲಿಸಿಕೊಳ್ಳುವುದು. ನೆರಳಿಗೆಂದು ಬಂದ ಬಾಕ್ಸ್-ಶ್ಯಾಡೋವನ್ನೇ ನೋಡಿ. ಮಸುಕು ತೆಗೆದು, ಕಾಮಾ ಹಾಕುತ್ತ ಹೋದರೆ ಒಂದೇ ಡಿವ್‌ನ ನೆರಳುಗಳು ಬೇಕೆಂದಲ್ಲಿ ಬಣ್ಣದ ಚೌಕಗಳಾಗಿ ಕೂರುತ್ತವೆ. ಬಿಫೋರ್, ಆಫ್ಟರ್ ಎಂಬ ಹುಸಿ ಎಲಿಮೆಂಟುಗಳು ಸೇರಿದರೆ ಕೈಗೆ ಇನ್ನೆರಡು ಹಲಗೆ. ಇಂಥ ಬಂಡವಾಳದಲ್ಲೇ ಲಿನ್ ಫಿಶರ್ 2014ರಲ್ಲಿ ಶುರು ಮಾಡಿದ 'ಎ ಸಿಂಗಲ್ ಡಿವ್' ಸರಣಿಯಲ್ಲಿ ಪ್ರತಿ ಚಿತ್ರಕ್ಕೂ ಒಂದೇ ಡಿವ್. ಡಯಾನಾ ಸ್ಮಿತ್ 2018ರಲ್ಲಿ ಮಾಡಿದ 'ಫ್ರಾನ್ಸೀನ್' ತೈಲಚಿತ್ರದಂಥ ಹೆಣ್ಣಿನ ಮುಖ. ಕೆನ್ನೆಯ ಹೊಳಪೂ ಬರೀ ಕೋಡಿನಿಂದ ಬಂದದ್ದು. ಅಷ್ಟು ತಾಳ್ಮೆ ನನಗೆ ಇನ್ನೂ ದಕ್ಕಿಲ್ಲ, ದಕ್ಕಬೇಕೆಂಬ ಆಸೆ ಇದೆ.

ನಾನು ಹೆಚ್ಚು ಹೊತ್ತು ಕೂರುವುದು ಒಂದು ಬಣ್ಣ ಇನ್ನೊಂದಕ್ಕೆ ಜಾರುವ ಗ್ರೇಡಿಯಂಟ್‌ಗಳ ಮುಂದೆ. ಕೆಮ್ಮಣ್ಣಿನ ಬಣ್ಣದ ಹಿನ್ನೆಲೆ. ಅದರ ಮೇಲೆ ರೇಡಿಯಲ್ ಗ್ರೇಡಿಯಂಟ್: ನಡುವಿನಿಂದ 3 ಪಿಕ್ಸೆಲ್ ತನಕ ಬಿಳಿ, ಆಚೆಗೆ ಪಾರದರ್ಶಕ. ಬ್ಯಾಕ್‌ಗ್ರೌಂಡ್ ಸೈಜ್ ಅಗಲಕ್ಕೂ ಎತ್ತರಕ್ಕೂ 40 ಪಿಕ್ಸೆಲ್ ಎಂದ ಕೂಡಲೇ ಆ ಒಂದು ಚುಕ್ಕಿ ಪರದೆಯ ತುಂಬ ಸಾಲುಗಟ್ಟುತ್ತದೆ, ಅಂಗಳದಲ್ಲಿ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಇನ್ನೊಂದು ಪದರವನ್ನು ಅಡ್ಡಕ್ಕೂ ಉದ್ದಕ್ಕೂ 20 ಪಿಕ್ಸೆಲ್ ಸರಿಸಿದರೆ ಸಂದು ಚುಕ್ಕಿಯೂ ಸಿದ್ಧ. ಚುಕ್ಕಿಗಳ ಸುತ್ತ ದಳ ಕೂರಿಸುವುದಕ್ಕೆ, ನಡುಬಿಂದುವಿನ ಸುತ್ತ ಬಣ್ಣ ತಿರುಗುವ ಕೋನಿಕ್ ಗ್ರೇಡಿಯಂಟ್ ಬೇಕು. ಅದರಲ್ಲಿ ಎರಡು ಬಣ್ಣಗಳನ್ನು ಒಂದೇ ಕೋನದಲ್ಲಿ ಎದುರುಬದುರಾಗಿಸಿದರೆ ಅಂಚು ಗರಗಸದ ಹಲ್ಲಾಗುತ್ತದೆ; ನಡುವೆ ಅರ್ಧ ಡಿಗ್ರಿ ಬಿಟ್ಟರೆ ಸಾಕು, ದಳ ನುಣುಪಾಗಿ ಬರುತ್ತದೆ.