ಉಸಿರು ಮತ್ತು ಒಂದು ವರದಿ

ಕನ್ನಡದಲ್ಲಿ ‘ಉಸಿರು’ ಎಂದರೆ ಶ್ವಾಸ, ಪ್ರಾಣವೂ ಹೌದು. ‘ಉಸಿರೆತ್ತು’ ಎಂದರೆ ಮಾತನಾಡು ಎಂದೂ ಆಗುತ್ತದೆ. ತರಗತಿಯಲ್ಲಿ ಹಲವು ಸಲ ಹೇಳಿದ ಈ ಅರ್ಥಗಳ ನಂಟು ನನಗೆ ಮನದಟ್ಟಾದದ್ದು ತಂಗಿಯ ಮಗು ಹುಟ್ಟಿದಾಗ. ಮಗು ಕೂಡಲೇ ಅಳಲಿಲ್ಲ. ವೈದ್ಯರು ಉಸಿರು ತುಂಬಿಸಿ, ಆಂಬ್ಯುಲೆನ್ಸಿನಲ್ಲಿ ಮಂಗಳೂರಿಗೆ ಕಳುಹಿಸಿದರು. ಕಾಸರಗೋಡಿನವರಾದ ನಮಗೆ ಕಠಿಣ ಕಾಯಿಲೆಯ ದಾರಿ ಹೆಚ್ಚಾಗಿ ತಲಪಾಡಿಯನ್ನು ದಾಟಿಯೇ ಹೋಗುತ್ತದೆ. 2020ರ ಮಾರ್ಚಿನಲ್ಲಿ ಆ ಗಡಿ ಮುಚ್ಚಿದಾಗ ಅದರ ಬೆಲೆ ಏನೆಂದು ಜಿಲ್ಲೆಗೆಲ್ಲ ತಿಳಿದಿತ್ತು.

ಮೊದಲು ನೆತ್ತಿಯ ಮೃದುಭಾಗದ ಮೂಲಕ ಅಲ್ಟ್ರಾಸೌಂಡ್ ಮಾಡಿದರು. ಅದು ರಕ್ತಸ್ರಾವವನ್ನು ತೋರಿಸಬಲ್ಲದು. ಆಮ್ಲಜನಕದ ಕೊರತೆಯಿಂದಾದ ಹಾನಿಯನ್ನು ಆರಂಭದಲ್ಲಿ ಸರಿಯಾಗಿ ತೋರಿಸಲಾರದು. ಐದನೆಯ ದಿನ ಎಂ.ಆರ್.ಐ. ಆಯಿತು. ಹಾಲುಣಿಸಿ, ಬಟ್ಟೆಯಲ್ಲಿ ಸುತ್ತಿ, ಕಿವಿಗಳನ್ನು ಮುಚ್ಚಿ ಮಲಗಿಸಿದರೆ ಎಷ್ಟೋ ಶಿಶುಗಳು ಅರಿವಳಿಕೆಯಿಲ್ಲದೆಯೇ ಆ ಯಂತ್ರದ ಸದ್ದಿನ ನಡುವೆ ನಿದ್ರಿಸುತ್ತವೆ. ಕ್ಷ-ಕಿರಣದ ಬಳಕೆ ಅಲ್ಲಿಲ್ಲ. ಕಾಂತಕ್ಷೇತ್ರ ಮತ್ತು ರೇಡಿಯೋ ಅಲೆಗಳಿಂದ ಚಿತ್ರ ಮೂಡುತ್ತದೆ.

ವರದಿ ಇಂಗ್ಲಿಷಿನಲ್ಲಿತ್ತು. ಅಮ್ಮ ಅದನ್ನು ನನ್ನ ಕೈಗಿತ್ತು, “ನೀನು ಕನ್ನಡ ಮಾಷ್ಟ್ರಲ್ವಾ? ನಮಗೆ ತಿಳಿಯುವ ಹಾಗೆ ಹೇಳು” ಎಂದರು. ಮಗುವಿನ ವೈದ್ಯರಿಂದ ಪ್ರತಿ ವಾಕ್ಯದ ಅರ್ಥವನ್ನು ಕೇಳಿಕೊಂಡು ಬಂದೆ. ಒಂದು ಪದಪುಂಜವನ್ನು ‘ನಿರ್ಬಂಧಿತ ಪ್ರಸರಣ’ ಎಂದು ಅನುವಾದಿಸಬಹುದಿತ್ತು. ಪದ ಶುದ್ಧ, ಅಮ್ಮನಿಗೆ ಅದರಿಂದ ಪ್ರಯೋಜನವಿಲ್ಲ. “ಕಡಲೆಯನ್ನು ನೆನೆಹಾಕಿದರೆ ಉಬ್ಬಿ ಕಾಳುಗಳ ನಡುವಿನ ಜಾಗ ಕಿರಿದಾಗುತ್ತದಲ್ಲ, ಹಾಗೆ. ಆಮ್ಲಜನಕ ಸಾಲದೆ ಮಿದುಳಿನ ಕಣಗಳು ಉಬ್ಬಿದಾಗ ನಡುವಿನ ನೀರಿನ ಚಲನೆಗೆ ತಡೆಯಾಗುತ್ತದೆ. ಆ ತಡೆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ” ಎಂದೆ. ಅಮ್ಮ ತಲೆಯಾಡಿಸಿದರು.

ಈ ಚಿತ್ರವನ್ನು ಓದಲು ಕಾಲದ ಅರಿವೂ ಬೇಕು. ತೀರ ಬೇಗ ತೆಗೆದರೆ ಹಾನಿ ಪೂರ್ತಿ ಮೂಡಿರುವುದಿಲ್ಲ. ಒಂದು ವಾರ ಕಳೆದರೆ ನೀರಿನ ಚಲನೆಯ ಚಿತ್ರ ಸಹಜವಾದಂತೆ ತೋರಿ ನಂಬಿಸಬಹುದು. ಸ್ಥಳವೂ ಮುಖ್ಯ. ಉಸಿರು ಹಠಾತ್ತನೆ ಕಟ್ಟಿದಾಗ ಪೆಟ್ಟು ಬೀಳುವುದು ಹೆಚ್ಚಾಗಿ ಥಲಾಮಸ್, ಬೇಸಲ್ ಗ್ಯಾಂಗ್ಲಿಯಾ ಎಂಬ ಒಳಭಾಗಗಳಿಗೆ. ಅದು ಕೈಕಾಲುಗಳ ಚಲನೆಯನ್ನು ಬಾಧಿಸುತ್ತದೆ. ಕೊರತೆ ಅರೆಬರೆಯಾಗಿ ದೀರ್ಘಕಾಲ ಮುಂದುವರಿದರೆ ರಕ್ತನಾಳಗಳ ಗಡಿಪ್ರದೇಶಗಳು ನೋಯುತ್ತವೆ. ಅದರ ಪರಿಣಾಮ ಕಲಿಕೆಯಲ್ಲಿ, ಭಾಷೆಯಲ್ಲಿ ತಡವಾಗಿ ಕಾಣಿಸಿಕೊಳ್ಳಬಹುದು. ನಮ್ಮ ಮಗುವಿಗೆ ಆದದ್ದು ಈ ಎರಡನೆಯ ಬಗೆ. ಮಿದುಳಿಗೂ ಗಡಿನಾಡುಗಳಿವೆ, ನೀರು ಕೊನೆಗೆ ತಲುಪುವ ಗದ್ದೆಗಳಂತೆ ಬರಗಾಲದಲ್ಲಿ ಅವೇ ಮೊದಲು ಒಣಗುತ್ತವೆ ಎಂಬುದು ಗಡಿನಾಡಿನವನಾದ ನನ್ನನ್ನು ತಟ್ಟಿತು.

ಊರಿಗೆ ಮರಳಿದಾಗ ನೆರೆಕರೆಯವರು ಪಿಸುಗುಟ್ಟಿದ್ದು ಒಂದೇ ಹೆಸರು: ಎಂಡೋಸಲ್ಫಾನ್. ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ವಿಷ ಸುರಿದ ಜಿಲ್ಲೆಯಲ್ಲಿ ಆ ಅನುಮಾನ ಸಹಜ. ಆದರೆ ಹಾನಿಯ ಸ್ವರೂಪವೂ ಕಾಲವೂ ಹೆರಿಗೆಯ ಹೊತ್ತನ್ನೇ ಸೂಚಿಸುತ್ತವೆ ಎಂದು ವೈದ್ಯರು ಹೇಳಿದ್ದರು. ಗರ್ಭದಲ್ಲಿದ್ದಾಗ ತಾನು ತಿಂದದ್ದನ್ನು, ಕುಡಿದದ್ದನ್ನು ನೆನೆದು ಕೊರಗುತ್ತಿದ್ದ ತಂಗಿಗೆ ಆ ಮಾತು ಔಷಧಕ್ಕಿಂತ ಮಿಗಿಲಾಯಿತು.

“ನನ್ನನ್ನು ಅಮ್ಮ ಎಂದು ಕರೆಯುವನೇ?” ಎಂಬ ಅವಳ ಪ್ರಶ್ನೆಗೆ ಮಾತ್ರ ಚಿತ್ರದಲ್ಲಿ ನೇರ ಉತ್ತರವಿರಲಿಲ್ಲ. ಚಿತ್ರ ಸಂಭವವನ್ನು ಹೇಳುತ್ತದೆ, ಹಣೆಬರಹವನ್ನು ಬರೆಯುವುದಿಲ್ಲ. ಒಂದು ಪದ್ಯದ ಅರ್ಥ ಮೊದಲ ಓದಿಗೆ ಮುಗಿಯದೆಂದು ಬಲ್ಲ ಐಚ್ಛಿಕ ಕನ್ನಡದ ನಿಮಗೆ ಈ ಎಚ್ಚರ ಹೊಸದಲ್ಲ. ನಾಳೆ ನಿಮ್ಮ ಮನೆಯಲ್ಲೂ ಯಾರೋ ಇಂಗ್ಲಿಷಿನ ಹಾಳೆಯೊಂದನ್ನು ನಿಮ್ಮ ಕೈಗಿಡುತ್ತಾರೆ. ಇದ್ದುದಕ್ಕಿಂತ ಹೆಚ್ಚು ಭಯವನ್ನಾಗಲಿ, ಹೆಚ್ಚು ಭರವಸೆಯನ್ನಾಗಲಿ ಬೆರೆಸದೆ ಅದನ್ನು ಕನ್ನಡಕ್ಕೆ ತರುವುದು ನೀವು ಕಲಿತ ವಿದ್ಯೆಗೆ ಸಲ್ಲುವ ಕೆಲಸ.

ಮಗುವಿಗೆ ಈಗ ಎರಡು ವರ್ಷ. ನಡೆಯುತ್ತಾನೆ; ಮಾತು ತಡವಾಗಿದೆ, ವಾಕ್‌ಚಿಕಿತ್ಸೆ ನಡೆಯುತ್ತಿದೆ. ಅವನ ಬಾಯಿಂದ ಹೊಸ ಧ್ವನಿ ಬಂದಾಗಲೆಲ್ಲ ತಂಗಿ ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಿಡುತ್ತಾಳೆ. ಈವರೆಗೆ ಅದರಲ್ಲಿ ಹನ್ನೊಂದು ಅಕ್ಷರಗಳಿವೆ. ‘ಮ’ ಕಳೆದ ತಿಂಗಳು ಬಂತು.