ಕಾಯುತ್ತಿರುವವರು ಯಾರು?

ಮೊನ್ನೆ ರಾತ್ರಿ ಜಡಿಮಳೆಯ ನಡುವೆ ಬಿಜೈಯ ಮನೆಯಿಂದ ದೂರದ ಸರ್ವರೊಂದಕ್ಕೆ ಲಾಗಿನ್ ಆದೆ. ಚಿಕ್ಕಪುಟ್ಟ ಕಮಾಂಡ್‌ಗಳಿಗೆ ಉತ್ತರ ಥಟ್ಟನೆ ಬಂತು. ದೊಡ್ಡದೊಂದು ಫೋಲ್ಡರಿನ ಪಟ್ಟಿ ಕೇಳಿದ್ದೇ ತಡ, ಎಲ್ಲವೂ ನಿಂತಿತು. ಕನೆಕ್ಷನ್ ಉಂಟು, ಡೇಟಾ ಇಲ್ಲ. ಇಂಥದ್ದೊಂದು ಕೈಗೆ ಸಿಕ್ಕಿದರೆ ಆ ರಾತ್ರಿ ನನಗೆ ನಿದ್ದೆಯೇ ಬೇಡ.

ನಿಧಾನವಾಗುವುದು ಬೇರೆ, ನಿಂತುಬಿಡುವುದು ಬೇರೆ. ನಿಂತಿದೆ ಎಂದರೆ ಯಾರೋ ಯಾರಿಗೋ ಕಾಯುತ್ತಿದ್ದಾರೆ. ಯಾರು, ಯಾರಿಗೆ ಎಂಬುದು ಲಿನಕ್ಸ್ ಕರ್ನಲ್‌ಗೆ ಗೊತ್ತು. ನಾವು ಕೇಳಬೇಕು ಅಷ್ಟೆ. ಹೆಚ್ಚಿನವರು ನೇರ ಟಿಸಿಪಿಡಂಪ್‌ಗೆ ಕೈಹಾಕಿ ಸಾವಿರಾರು ಸಾಲುಗಳಲ್ಲಿ ಮುಳುಗುತ್ತಾರೆ. ನಾನು ಮೊದಲು ನೋಡುವುದು ‘ಎಸ್‌ಎಸ್’ ಕಮಾಂಡ್ ತೋರಿಸುವ ಟೈಮರನ್ನು. ಅಲ್ಲಿ ‘ಪರ್ಸಿಸ್ಟ್’ ಎಂದಿದ್ದರೆ ಎದುರಿನವನ ವಿಂಡೋ ಸೊನ್ನೆಗಿಳಿದಿದೆ. ಅವನ ಕಡೆಯ ಪ್ರೋಗ್ರಾಮ್ ಬಂದದ್ದನ್ನು ಓದುತ್ತಿಲ್ಲ. ‘ಆನ್’ ಎಂದಿದ್ದು ಪಕ್ಕದ ಅಂಕಿ ಏರುತ್ತಿದ್ದರೆ, ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಿದರೂ ಸ್ವೀಕೃತಿ ಬರುತ್ತಿಲ್ಲ. ಕಳಿಸಬೇಕಾದ ಡೇಟಾ ಉಂಟು, ದಾರಿಯಲ್ಲಿ ಪ್ಯಾಕೆಟ್ ಇಲ್ಲ, ಎಷ್ಟು ಹೊತ್ತಾದರೂ ಟೈಮರೂ ಇಲ್ಲ ಎಂದಾದರೆ ಮಾತ್ರ ಕರ್ನಲ್ ಮೇಲೇ ನನ್ನ ಅನುಮಾನ. ಆಗ ಮೈ ಜುಮ್ಮೆನ್ನುತ್ತದೆ.

ಮೊನ್ನೆಯದು ಎರಡನೆಯ ಬಗೆ. ಸರ್ವರ್ 1500 ಬೈಟಿನ ಪ್ಯಾಕೆಟ್ ಕಳಿಸುತ್ತಿತ್ತು. ನಡುವಿನ ಪಿಪಿಪಿಓಇ ಲಿಂಕ್ 8 ಬೈಟ್ ತನಗೆ ಇಟ್ಟುಕೊಳ್ಳುವುದರಿಂದ ಅದರಲ್ಲಿ ಹಿಡಿಸುವುದು 1492. ಪ್ಯಾಕೆಟ್ ದೊಡ್ಡದಾಯಿತು, ಚಿಕ್ಕದು ಮಾಡು ಎಂದು ರೌಟರ್ ಐಸಿಎಂಪಿ ಸಂದೇಶ ಕಳಿಸುತ್ತದೆ. ಆ ಸಂದೇಶವನ್ನು ಫೈರ್‌ವಾಲೊಂದು ನುಂಗಿಹಾಕುತ್ತಿತ್ತು. ಪಾಪ, ಸರ್ವರ್ ಅದೇ 1500ನ್ನು ಮತ್ತೆ ಕಳಿಸಿ, ಪ್ರತಿಸಲವೂ ಇಮ್ಮಡಿ ಹೊತ್ತು ಕಾಯುತ್ತದೆ. ಮೊದಲೇ ಇರುವ ಸೆಟ್ಟಿಂಗ್‌ನಲ್ಲಿ ಅದು ಸೋಲೊಪ್ಪಿಕೊಳ್ಳಲು ಕಾಲು ಗಂಟೆಗೂ ಹೆಚ್ಚು ಬೇಕು.

ಐಸಿಎಂಪಿ ಪೂರ್ತಿ ಮುಚ್ಚಿದರೆ ಭದ್ರತೆ ಎಂದು ನಂಬಿದವರೊಡನೆ ನನ್ನ ಜಗಳ ಹಳೆಯದು. ಈ ತೊಂದರೆಯನ್ನು 2000ದಲ್ಲೇ ಆರ್‌ಎಫ್‌ಸಿ 2923 ವಿವರವಾಗಿ ಬರೆದಿಟ್ಟಿದೆ. ಇಷ್ಟು ವರ್ಷವಾದರೂ ಓದಿಲ್ಲವೆಂದರೆ ಹೇಗೆ? ಇನ್ನೊಂದು ಗುಂಪಿನವರು ‘ಒಮ್ಮೆ ಆಫ್ ಮಾಡಿ ಆನ್ ಮಾಡಿ ಮಾರಾಯ್ರೆ’ ಎನ್ನುತ್ತಾರೆ. ಹಾಗೆ ಮಾಡಿದರೆ ಸಾಕೆಟ್ ಹೋಯಿತು, ಟೈಮರ್ ಹೋಯಿತು, ಸಾಕ್ಷಿಯೆಲ್ಲ ಹೋಯಿತು. ಮುಂದಿನ ವಾರ ಅದೇ ಕಾಯಿಲೆ ಮರಳುತ್ತದೆ. ಎಲ್ಲರಿಗಿಂತ ಸಿಟ್ಟು ಬರಿಸುವವರು ಎಲ್ಲಿಂದಲೋ ಸೆಟ್ಟಿಂಗ್ ನಕಲು ಮಾಡಿ ಅಂಟಿಸುವವರು. ವೇಗ ಹೆಚ್ಚುತ್ತದೆಂದು ‘ಟಿಸಿಪಿ_ಟಿಡಬ್ಲ್ಯು_ರೀಸೈಕಲ್’ ಹಾಕುತ್ತಿದ್ದರು. ಒಂದೇ ಐಪಿ ವಿಳಾಸದ ಹಿಂದೆ ಹಲವು ಮೊಬೈಲುಗಳಿದ್ದರೆ ಅವುಗಳ ಟೈಮ್‌ಸ್ಟಾಂಪ್ ಒಂದಕ್ಕೊಂದು ತಾಳೆಯಾಗದೆ, ಕೆಲವರ ಕನೆಕ್ಷನನ್ನು ಸರ್ವರ್ ಸದ್ದಿಲ್ಲದೆ ಬಿಸಾಡುತ್ತಿತ್ತು. 2017ರಲ್ಲಿ ಕರ್ನಲ್‌ನ 4.12ನೆಯ ಆವೃತ್ತಿಯಿಂದ ಆ ಸೆಟ್ಟಿಂಗನ್ನು ಕಿತ್ತೇ ಹಾಕಿದರು. ಆ ಸಾಲು ಇವತ್ತಿಗೂ ಕೆಲವು ಸರ್ವರುಗಳ ಕಡತಗಳಲ್ಲಿ ಉಳಿದಿದೆ.

ನಿಂತಂತೆ ಕಾಣುವ ಕೆಲವು ಕನೆಕ್ಷನ್‌ಗಳು ಮಾತ್ರ ನಿಜಕ್ಕೂ ನಿಂತಿರುವುದಿಲ್ಲ, ಸಾಲಿನಲ್ಲಿ ಸಿಕ್ಕಿಕೊಂಡಿರುತ್ತವೆ. ಯಾರದೋ ಭಾರೀ ಡೌನ್‌ಲೋಡಿನ ಹಿಂದೆ ನನ್ನ ಪುಟ್ಟ ಪ್ಯಾಕೆಟ್, ನಂತೂರು ಸರ್ಕಲ್‌ನಲ್ಲಿ ಲಾರಿಗಳ ಹಿಂದೆ ಸಿಕ್ಕಿಬಿದ್ದ ಸ್ಕೂಟರಿನ ಹಾಗೆ. ಇದಕ್ಕೊಂದು ಮದ್ದು ನಮ್ಮ ಸುರತ್ಕಲ್‌ನಿಂದಲೇ ಹೋಗಿದೆ. ಎನ್‌ಐಟಿಕೆಯ ಮೋಹಿತ್ ತಹಿಲಿಯಾನಿಯವರೂ ಅವರ ವಿದ್ಯಾರ್ಥಿಗಳೂ ಬರೆದ ಎಫ್‌ಕ್ಯೂ-ಪೈ 2020ರಲ್ಲಿ ಲಿನಕ್ಸ್ 5.6ಕ್ಕೆ ಸೇರಿತು. ಅದು ಪ್ಯಾಕೆಟ್‌ಗಳ ಹರಿವುಗಳನ್ನು 1024 ಸಾಲುಗಳಿಗೆ ಹಂಚಿ, ಕಾಯುವ ಹೊತ್ತು 15 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಇರುವಂತೆ ನೋಡಿಕೊಳ್ಳುತ್ತದೆ. ಸಾಲು ಉಕ್ಕಿ ಹರಿಯುವ ಮೊದಲೇ ಕೆಲವು ಪ್ಯಾಕೆಟ್‌ಗಳನ್ನು ಲೆಕ್ಕಹಾಕಿ ಬೀಳಿಸುತ್ತದೆ. ಪಣಂಬೂರು ದಾಟಿದರೆ ಸಿಗುವ ಕ್ಯಾಂಪಸ್ಸಿನ ಹುಡುಗ ಹುಡುಗಿಯರು ಬರೆದ ಸಾಲುಗಳು ಲೋಕದ ಎಲ್ಲೆಲ್ಲಿಯ ಯಂತ್ರಗಳಿಗೋ ಹೋಗುತ್ತವೆ ಎಂದರೆ ನನಗೆ ಎದೆಯುಬ್ಬುತ್ತದೆ.

ಅಲ್ಲಿಯವರದೇ ‘ನೆಸ್ಟ್’ ಎಂಬ ಉಪಕರಣವೂ ಉಂಟು. ಒಂದೇ ಲ್ಯಾಪ್‌ಟಾಪಿನೊಳಗೆ ಸರ್ವರ್, ರೌಟರ್, ಗಿರಾಕಿ ಎಲ್ಲವನ್ನೂ ಕಟ್ಟಬಹುದು. ಮೊನ್ನೆಯ ಕಾಯಿಲೆಯನ್ನು ಅದರಲ್ಲಿ ಮರಳಿ ಹುಟ್ಟಿಸಿ, ಕರ್ನಲ್‌ನ ‘ಎಂಟಿಯು ಪ್ರೋಬಿಂಗ್’ ಸೆಟ್ಟಿಂಗನ್ನು 1 ಮಾಡಿದೆ. ಕೆಲವು ಟೈಮ್‌ಔಟ್ ಆದ ಮೇಲೆ ಅದು ತಾನಾಗಿಯೇ ಸಣ್ಣ ಪ್ಯಾಕೆಟ್‌ಗೆ ಇಳಿದು ದಾರಿ ಕಂಡುಕೊಂಡಿತು, ಯಾವ ಐಸಿಎಂಪಿಯ ಹಂಗೂ ಇಲ್ಲದೆ. ಇಷ್ಟಿದ್ದೂ ಆ ಸೆಟ್ಟಿಂಗ್ ಮೊದಲಿಗೆ 0 ಆಗಿಯೇ ಬರುತ್ತದೆ. ಅದು 1 ಆಗಿ ಬರಬೇಕೆಂದು ನಾನು ಸಿಕ್ಕಿದವರೊಡನೆಲ್ಲ ವಾದಿಸುತ್ತಿದ್ದೇನೆ.