ಬುರ್ಸಾದ ಮನೆಮಗಳು

ಉರ್ದುವಿನಲ್ಲಿ ಮುಸಾಫಿರ್ ಎಂದರೆ ಪ್ರಯಾಣಿಕ. ಬಸ್ ಸ್ಟ್ಯಾಂಡಿನಲ್ಲಿ ಗಂಟುಮೂಟೆ ಇಟ್ಟುಕೊಂಡು ನಿಂತವನು, ಸಂಜೆಯಾದರೆ ಎಲ್ಲಿ ತಂಗುವುದೆಂದು ತಿಳಿಯದವನು. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಗಝಲುಗಳಲ್ಲೂ ಅವನು ಒಂಟಿ ಜೀವವೇ. ಅರಬಿಯಿಂದ ಬಂದ ಇದೇ ಪದ ತುರ್ಕಿ ಭಾಷೆಯಲ್ಲಿ ‘ಮಿಸಾಫಿರ್’ ಆಗಿದೆ. ಅಲ್ಲಿ ಅದಕ್ಕೆ ಅತಿಥಿ ಎಂದು ಅರ್ಥ. ನಾವು ದಾರಿಹೋಕನಿಗೆ ಇಟ್ಟುಕೊಂಡ ಹೆಸರನ್ನು ತುರ್ಕರು ಮನೆಯೊಳಗೆ ಬಂದು ಕೂತವನಿಗೆ ಇಟ್ಟಿದ್ದಾರೆ.

ನಮ್ಮ ಮಗಳು 2022ರ ಸೆಪ್ಟೆಂಬರಿನಿಂದ 2023ರ ಜೂನ್‌ವರೆಗೆ ತುರ್ಕಿಯ ಬುರ್ಸಾ ನಗರದಲ್ಲಿ ಒಂದು ಕುಟುಂಬದ ಜೊತೆಗಿದ್ದು ಅಲ್ಲಿಯ ಹೈಸ್ಕೂಲಿನಲ್ಲಿ ಓದಿ ಬಂದಳು. ಆಗ ಅವಳಿಗೆ 16 ವರ್ಷ. ವಿದ್ಯಾರ್ಥಿ ವಿನಿಮಯ ಎಂಬ ಈ ಏರ್ಪಾಡು ಹೊಸದೇನಲ್ಲ. ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಅಮೆರಿಕದ ಆಂಬ್ಯುಲೆನ್ಸ್ ಸ್ವಯಂಸೇವಕರ ಸಂಸ್ಥೆ ಎಎಫ್‌ಎಸ್, ಯುದ್ಧ ಮುಗಿದ ಮೇಲೆ, 1947ರಲ್ಲಿ, ಒಂದು ದೇಶದ ಶಾಲಾ ಮಕ್ಕಳನ್ನು ಇನ್ನೊಂದು ದೇಶದ ಮನೆಗಳಲ್ಲಿ ಇರಿಸುವ ಕೆಲಸಕ್ಕೆ ಕೈಹಾಕಿತು. ಆಮೇಲೆ ಇಂಥವು ಹಲವು ಹುಟ್ಟಿಕೊಂಡವು. ಇಟ್ಟುಕೊಂಡ ಕುಟುಂಬಕ್ಕೆ ಸಾಮಾನ್ಯವಾಗಿ ಯಾರೂ ಹಣ ಕೊಡುವುದಿಲ್ಲ. ಬಂದ ಮಗುವನ್ನು ಅತಿಥಿಯಂತಲ್ಲ, ಮನೆಯ ಮಗುವಿನಂತೆ ನೋಡಿಕೊಳ್ಳಬೇಕು ಎಂಬುದೊಂದು ನಿಯಮ. ಮುಸಾಫಿರ್ ಆಗಿ ಹೊರಟವಳು ಮಿಸಾಫಿರ್ ಕೂಡ ಆಗಕೂಡದು! ನಿಯಮ ಬರೆದವರಿಗೆ ತುರ್ಕಿಯ ಅತಿಥಿ ಸತ್ಕಾರ ಗೊತ್ತಿತ್ತೋ ಇಲ್ಲವೋ.

ಹೆಣ್ಣುಮಗುವನ್ನು ಒಬ್ಬಳನ್ನೇ ಸಮುದ್ರದಾಚೆ ಕಳಿಸುತ್ತೀರಾ ಎಂದು ನಮ್ಮ ರಾಮನಗರದ ಓಣಿಯಲ್ಲಿ ಕೇಳಿದವರಿಗೆಲ್ಲ ನಾವು ಹೇಳಿದ್ದು ಒಂದೇ ಮಾತು: ಮುಸಲ್ಮಾನರ ದೇಶ, ಮುಸಲ್ಮಾನರ ಮನೆ. ಕೇಳಿದವರ ಬಾಯಿ ಮುಚ್ಚಿಸಲು ಅಷ್ಟು ಸಾಕಾಗುತ್ತಿತ್ತು.

ಆ ಮನೆಯಲ್ಲಿ ಕಾರು ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ತಂದೆ, ಬ್ಯಾಂಕಿನಲ್ಲಿರುವ ತಾಯಿ, ಇವಳಿಗಿಂತ ಒಂದು ವರ್ಷ ಚಿಕ್ಕವಳಾದ ಮಗಳು, ತುಂಟನಾದ ಒಬ್ಬ ಮಗ. ಕೆಳಗಿನ ಮಹಡಿಯಲ್ಲಿ ತಂದೆಯ ತಾಯಿ, ‘ಬಾಬಾನ್ನೆ’. ಅಪ್ಪನ ಅಮ್ಮ ಎಂಬ ಎರಡು ಪದ ಕೂಡಿ ಆದ ಪದ ಅದು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಮನೆಯೊಳಗೆ ಹಾಕಿಕೊಳ್ಳುವ ‘ತೆರ್ಲಿಕ್’ ಮೆಟ್ಟಿಕೊಳ್ಳಬೇಕು. ಬಂದವರ ಅಂಗೈಗೆ ನಿಂಬೆ ಪರಿಮಳದ ಕೊಲೊನ್ಯಾ ಸುರಿಯುತ್ತಾರೆ. ನಮ್ಮಲ್ಲಿ ಮದುವೆ ಮನೆಯಲ್ಲಿ ಪನ್ನೀರು ಚಿಮುಕಿಸುವಂತೆ. ಆಮೇಲೆ ಚಹಾ, ಮತ್ತೆ ಚಹಾ. ಹಾಲಿಲ್ಲದ ಕೆಂಪು ಚಹಾ, ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ. ಲೋಟದ ಬಾಯಿಯ ಮೇಲೆ ಚಮಚ ಅಡ್ಡ ಇಡುವವರೆಗೆ ಸುರಿಯುತ್ತಲೇ ಇರುತ್ತಾರೆ ಎಂಬುದು ತಿಳಿಯುವ ಹೊತ್ತಿಗೆ ಇವಳು ಮೊದಲ ದಿನವೇ ಏಳು ಲೋಟ ಕುಡಿದಿದ್ದಳು.

ಮೊದಲ ತಿಂಗಳು ತಟ್ಟೆ ಎತ್ತಲೂ ಬಿಡಲಿಲ್ಲ. ಊರು ತೋರಿಸಲು ಕರೆದುಕೊಂಡು ಹೋಗಿದ್ದರಲ್ಲಿ ಕೋಝಾ ಹಾನ್ ಒಂದು. 1491ರಲ್ಲಿ ಸುಲ್ತಾನ್ ಎರಡನೆಯ ಬಾಯಜೀದನ ಕಾಲದಲ್ಲಿ ಮುಗಿದ ವ್ಯಾಪಾರದ ಛತ್ರ. ‘ಕೋಝಾ’ ಎಂದರೆ ರೇಷ್ಮೆಗೂಡು. ಹಿಂದೆ ಆ ಅಂಗಳದಲ್ಲಿ ಗೂಡಿನ ರಾಶಿ ಬಿದ್ದು ಹರಾಜಾಗುತ್ತಿತ್ತಂತೆ. ಈಗ ರೇಷ್ಮೆ ಸ್ಕಾರ್ಫಿನ ಅಂಗಡಿಗಳು, ಮರದ ಕೆಳಗೆ ಚಹಾದ ಮೇಜುಗಳು. ಗೂಡಿನ ಮಾರ್ಕೆಟ್ಟಿನ ಊರಿಂದ ಹೋದ ಹುಡುಗಿ ನಮಗೆ ಬರೆದದ್ದು ಒಂದೇ ಸಾಲು: “ಎಲ್ಲ ಚೆನ್ನಾಗಿದೆ ಅಮ್ಮೀ, ವಾಸನೆ ಮಾತ್ರ ಇಲ್ಲ.” ಗೂಡು ಬೇಯಿಸುವ ವಾಸನೆ ಮೂಗಿಗೆ ಹತ್ತಿಯೇ ಬೆಳೆದವಳು.

ಅಕ್ಟೋಬರಿನಲ್ಲಿ ಒಂದು ರಾತ್ರಿ ಅಳುತ್ತಾ ಫೋನ್ ಮಾಡಿದಳು. ತಣ್ಣನೆಯ ಟೈಲ್ಸ್ ಮೇಲೆ ಬರಿಗಾಲಲ್ಲಿ, ಒದ್ದೆ ತಲೆಯಲ್ಲಿ ಓಡಾಡಿದ್ದಕ್ಕೆ ಆ ತಾಯಿ ಚೆನ್ನಾಗಿ ಬೈದಿದ್ದರು. ತುರ್ಕಿಯ ತಾಯಂದಿರಿಗೆ ಗಾಳಿ, ತಂಡಿ ಎಂದರೆ ಎಲ್ಲ ರೋಗಗಳ ಮೂಲ. ಹೆಣ್ಣುಮಕ್ಕಳು ಕಾಲು ತಂಪು ಮಾಡಿಕೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎನ್ನುವವರೆಗೆ ಹೋಗುತ್ತದೆ ಆ ನಂಬಿಕೆ. ಮಗಳು ಅತ್ತಳು, ನಮಗೆ ಮಾತ್ರ ಅಂದು ನಿದ್ದೆ ಬಂತು. ಮಿಸಾಫಿರ್ ಅನ್ನು ಯಾರೂ ಬೈಯುವುದಿಲ್ಲವಲ್ಲ. ಮರುದಿನದಿಂದ ಅವಳಿಗೂ ಕೆಲಸ ಹಂಚಿಕೆಯಾಯಿತು: ಬೆಳಿಗ್ಗೆ ಬ್ರೆಡ್ ತರುವುದು, ಊಟದ ಮೇಜು ಅಣಿ ಮಾಡುವುದು, ಭಾನುವಾರದ ದೊಡ್ಡ ತಿಂಡಿಗೆ ಆಲಿವ್ ಕಾಯಿ, ಬಿಳಿ ಚೀಸ್, ಸೌತೆ, ಟೊಮೆಟೊ ಜೋಡಿಸುವುದು.

ಅದಾಗಿ ಕೆಲವು ದಿನಕ್ಕೆ, ನಮ್ಮೊಡನೆ ಮಾತಾಡುತ್ತಿದ್ದವಳು ನಡುವೆ ಹಿಂದಿರುಗಿ “ಬಂದೆ, ಅನ್ನೆ” ಎಂದಳು ತುರ್ಕಿಯಲ್ಲಿ. ಕನ್ನಡದ ಕಿವಿಗೆ ಅಣ್ಣ ಎಂದಂತೆ ಕೇಳುವ ‘ಅನ್ನೆ’ ಅಲ್ಲಿ ಅಮ್ಮ. ಅದುವರೆಗೆ ಆ ತಾಯಿಯನ್ನು ಅವಳು ‘ತೆಯ್ಜೆ’, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ನಮ್ಮಿಬ್ಬರಲ್ಲಿ ಒಬ್ಬರು ಆ ರಾತ್ರಿ ಊಟ ಮಾಡಲಿಲ್ಲ. ಯಾರೆಂದು ಇಲ್ಲಿ ಬರೆಯುವುದಿಲ್ಲ.

ಭಾಷೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಉರ್ದು ಶಾಲೆ, ಕನ್ನಡ ಶಾಲೆ ಎರಡರ ಬೆಂಚುಗಳನ್ನೂ ಸವೆಸಿದ ನಮಗೆ ತುರ್ಕಿ ಭಾಷೆ ಒಂದು ತಮಾಷೆಯಂತೆ ಕಂಡಿತು. ಪದಗಳ ಗಂಟು ಬಿಚ್ಚಿದರೆ ಉರ್ದುವಿನದೇ ಸಾಮಾನು: ಕಿತಾಬ್, ದುನಿಯಾ, ಹವಾ, ಸಬಾಹ್, ದೋಸ್ತ್. ನಮಾಜನ್ನು ಅವರೂ ನಮಾಜ್ ಎನ್ನುತ್ತಾರೆ. ಚಹಾದ ಕೆಟಲ್ಲಿಗೆ ನಮ್ಮ ಚಾಯ್‌ದಾನಿಗೆ ತಮ್ಮದೊಂದು ಬಾಲ ಸೇರಿಸಿ ‘ಚಾಯ್‌ದಾನ್‌ಲಿಕ್’ ಎನ್ನುತ್ತಾರೆ. ಪ್ರವಾದಿಯವರ ಜನ್ಮರಾತ್ರಿಯಂತಹ ಪವಿತ್ರ ರಾತ್ರಿಗಳಿಗೆ ‘ಕಂದಿಲ್’ ಎಂದು ಹೆಸರು, ಮಿನಾರುಗಳಲ್ಲಿ ದೀಪ ಹಚ್ಚುತ್ತಿದ್ದುದರಿಂದ. ಅದು ನಮ್ಮ ಹಳ್ಳಿಮನೆಯ ಕಂದೀಲೇ. ಆದರೆ ಗಂಟು ಹಾಗೇ ನಂಬುವಂತಿಲ್ಲ. ನಮ್ಮ ಖಾಲಾ ತಾಯಿಯ ತಂಗಿ, ಅವರ ‘ಹಲಾ’ ತಂದೆಯ ತಂಗಿ. ‘ಪೆಂಜೆರೆ ತೆಗಿ’ ಎಂದಾಗ ಇವಳು ಹಕ್ಕಿ ಎಲ್ಲಿ ಎಂದು ಹುಡುಕಿದಳಂತೆ. ನಮಗೆ ಪಂಜರವಾಗಿ ಕೇಳುವ ಆ ಪದಕ್ಕೆ ಅಲ್ಲಿ ಕಿಟಕಿ ಎಂದರ್ಥ.

ಇನ್ನು ಕಟ್ಟಡವೋ, ಶುದ್ಧ ಕನ್ನಡದ್ದು! ‘ಎವ್’ ಎಂದರೆ ಮನೆ, ‘ಎವ್‌ದೆ’ ಮನೆಯಲ್ಲಿ, ‘ಎವ್‌ದೆನ್’ ಮನೆಯಿಂದ, ‘ಎವೆ’ ಮನೆಗೆ. ಉರ್ದುವಿನಂತೆ ಗಂಡು ಹೆಣ್ಣಿನ ಗೋಜಿಲ್ಲ, ಬಾಲಕ್ಕೆ ಬಾಲ ಅಂಟಿಸುತ್ತಾ ಹೋಗುವುದು, ಕ್ರಿಯಾಪದ ಕೊನೆಗೆ. ‘ಗೆಲಿಪ್ ಗಿತ್ತಿ’ ಎಂದರೆ ಬಂದು ಹೋದ. ಎಲ್ಲಕ್ಕಿಂತ ಖುಷಿ ಕೊಟ್ಟದ್ದು ‘ಗೆಲ್ಮಿಶ್’. ಕಣ್ಣಾರೆ ಕಂಡಿದ್ದರೆ ‘ಗೆಲ್ದಿ’, ಬಂದ. ಯಾರೋ ಹೇಳಿದ್ದಾದರೆ ‘ಗೆಲ್ಮಿಶ್’, ಬಂದನಂತೆ. ನಮ್ಮ ಅಂತೆಗೆ ಉರ್ದುವಿನಲ್ಲಿ ‘ಸುನಾ ಹೈ’ ಎಂದು ಸುತ್ತಿ ಬಳಸಿ ಹೇಳಬೇಕು, ತುರ್ಕಿಯಲ್ಲಿ ಬಾಲದಲ್ಲೇ ಇದೆ. ಬಾಬಾನ್ನೆಯ ಕತೆಗಳೆಲ್ಲ ಈ ಅಂತೆಯಲ್ಲೇ ನಡೆಯುತ್ತಿದ್ದವಂತೆ. ಮೂರು ತಿಂಗಳಲ್ಲಿ ಮಗಳು ತಡವರಿಸದೆ ಮಾತಾಡತೊಡಗಿದಾಗ ಅಲ್ಲಿಯ ಶಿಕ್ಷಕರು ಅವಳ ಉರ್ದುವನ್ನು ಹೊಗಳಿದರು. ಹೊಗಳಿಕೆಯಲ್ಲಿ ಕನ್ನಡದ ಪಾಲು ಹೆಚ್ಚು ಎಂಬುದು ನಮ್ಮ ತೀರ್ಮಾನ.

‘ಮುಸಲ್ಮಾನರ ಮನೆ’ ಎಂದು ನಾವು ಓಣಿಯಲ್ಲಿ ಹೇಳಿಕೊಂಡು ಬಂದ ಮಾತು ಮಾತ್ರ ಅಲ್ಲಿ ಅಷ್ಟು ಸರಳವಾಗಿರಲಿಲ್ಲ. ಆ ತಾಯಿ ತಲೆಗೆ ಬಟ್ಟೆ ಹಾಕಿದವರಲ್ಲ. ತಂದೆ ಜುಮಾ ಮತ್ತು ಈದ್‌ಗೆ ಮಾತ್ರ ಮಸೀದಿಗೆ. ಬಾಬಾನ್ನೆ ಐದು ಹೊತ್ತೂ. ಅವಳ ‘ಹಲಾ’, ಅಂದರೆ ಆ ತಂದೆಯ ತಂಗಿ, ಸ್ಕಾರ್ಫ್ ಬಿಡಲೊಪ್ಪದೆ ವಿಶ್ವವಿದ್ಯಾಲಯವನ್ನೇ ಬಿಟ್ಟವರು. 1997ರ ಫೆಬ್ರವರಿ 28ರಂದು ಸೇನೆಯ ಒತ್ತಡದಿಂದ ಬಂದ ಬಿಗಿ ಕ್ರಮಗಳ ನಂತರ ಅಲ್ಲಿಯ ಕಾಲೇಜುಗಳ ಗೇಟುಗಳಲ್ಲೇ ಹುಡುಗಿಯರನ್ನು ತಡೆಯುತ್ತಿದ್ದರು. ವಿಶ್ವವಿದ್ಯಾಲಯಗಳಲ್ಲಿ ಆ ನಿಷೇಧ 2010ರ ಹೊತ್ತಿಗೆ ಸಡಿಲವಾಯಿತು, ಹೈಸ್ಕೂಲುಗಳಲ್ಲಿ ತೆರವಾದದ್ದು 2014ರಲ್ಲಿ. ನಮ್ಮ ಮಗಳು ಹೊರಟ ವರ್ಷವೇ ಕರ್ನಾಟಕದಲ್ಲಿ ಕಾಲೇಜು ಗೇಟುಗಳು ಸುದ್ದಿಯಾಗಿದ್ದವು. ಫೆಬ್ರವರಿಯಲ್ಲಿ ಸರಕಾರದ ಸಮವಸ್ತ್ರ ಆದೇಶ, ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು, ಅವಳು ಅಲ್ಲಿದ್ದಾಗ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಇದನ್ನು ಊಟದ ಮೇಜಿನಲ್ಲಿ ವಿವರಿಸಿದಾಗ ಹಲಾ ಚಮಚ ಕೆಳಗಿಟ್ಟು ಎದ್ದು ಹೋದರಂತೆ. ಸ್ಕಾರ್ಫ್ ಹಾಕದ ತಾಯಿ ಹಿಂದೆಯೇ ಹೋಗಿ ಅಡುಗೆಮನೆಯಲ್ಲಿ ನಾದಿನಿಯ ಜೊತೆ ಬಹಳ ಹೊತ್ತು ನಿಂತಿದ್ದರು. ಬಾಗಿಲ ಸಂದಿಯಿಂದ ಕಂಡದ್ದು ಅಷ್ಟೇ, ಮಾತು ಕೇಳಿಸಲಿಲ್ಲ ಎಂದಳು ಮಗಳು. ಶಾಲೆಯಲ್ಲಿ ಅವಳ ಬೆಂಚಿನಲ್ಲಿ ಮೂವರು. ಇಬ್ಬರಿಗೆ ಸ್ಕಾರ್ಫ್ ಇತ್ತು, ಒಬ್ಬಳಿಗಿಲ್ಲ. ಮೂವರೂ ಸೇರಿ ಗಣಿತದಲ್ಲಿ ಕಾಪಿ ಹೊಡೆಯುತ್ತಿದ್ದರಂತೆ.

2023ರ ಫೆಬ್ರವರಿ 6ರ ಬೆಳಿಗ್ಗೆ ತುರ್ಕಿಯಲ್ಲಿ ಭೂಕಂಪ ಎಂದು ಟಿವಿಯಲ್ಲಿ ಬಂದಾಗ ನಮಗೆ ಆ ದೇಶದಲ್ಲಿ ಬುರ್ಸಾ ಬಿಟ್ಟು ಬೇರೆ ಊರೇ ಇಲ್ಲದಂತಾಯಿತು. ಕಂಪನವಾದದ್ದು ದೂರದ ಆಗ್ನೇಯದಲ್ಲಿ, ಅಲ್ಲಿಯ ಹೊತ್ತು ಬೆಳಗಿನ ಜಾವ 4.17. ಬುರ್ಸಾದಲ್ಲಿ ನಮ್ಮ ಫೋನೇ ಅವರನ್ನು ಎಬ್ಬಿಸಿತು. ಚಳಿಗಾಲದ ರಜೆ ಮುಗಿದು ಅಂದು ಶಾಲೆ ತೆರೆಯಬೇಕಿತ್ತು, ಎರಡು ವಾರ ತೆರೆಯಲಿಲ್ಲ. ತುರ್ಕಿಯಲ್ಲಿ ಸತ್ತವರೇ 53 ಸಾವಿರಕ್ಕೂ ಹೆಚ್ಚು. ಆ ಎರಡು ವಾರ ಮಗಳು ಮನೆಯವರ ಜೊತೆ ಕಂಬಳಿ, ಮಕ್ಕಳ ಬಟ್ಟೆ ಬೇರ್ಪಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದಳು. 1999ರ ಆಗಸ್ಟ್ 17ರ ಭೂಕಂಪದಲ್ಲಿ ರಾತ್ರಿಗಳನ್ನು ಕಾರಿನಲ್ಲಿ ಕಳೆದಿದ್ದ ತಂದೆ ತೀರಾ ಕಡಿಮೆ ಮಾತಾಡುತ್ತಿದ್ದರಂತೆ. ಭಾರತದಿಂದ ರಕ್ಷಣಾ ತಂಡಗಳು ಹೋಗಿ, ನಮ್ಮ ಸೇನೆ ಇಸ್ಕೆಂದರೂನ್‌ನಲ್ಲಿ ಆಸ್ಪತ್ರೆ ತೆರೆದದ್ದನ್ನು ಅಲ್ಲಿಯ ಟಿವಿ ತೋರಿಸಿತು. ಆ ಕಾರ್ಯಾಚರಣೆಗೆ ಇಟ್ಟಿದ್ದ ‘ದೋಸ್ತ್’ ಎಂಬ ಹೆಸರಿಗೆ ಯಾರಿಗೂ ಅರ್ಥ ಹೇಳಬೇಕಾಗಲಿಲ್ಲ. ಆ ವಾರ ಬೇಕರಿಯವನು ಮಗಳಿಂದ ಬ್ರೆಡ್ಡಿನ ದುಡ್ಡು ತೆಗೆದುಕೊಳ್ಳಲಿಲ್ಲ.

ಮಾರ್ಚ್ 23ಕ್ಕೆ ರಂಜಾನ್ ಹಿಡಿಯಿತು. ಬಾಬಾನ್ನೆ ಅವಳನ್ನು ತರಾವೀಹ್ ನಮಾಜಿಗೆ ಉಲು ಜಾಮಿಗೆ ಕರೆದುಕೊಂಡು ಹೋದರು. 14ನೇ ಶತಮಾನದ ಕೊನೆಯಲ್ಲಿ ಮೊದಲನೆಯ ಬಾಯಜೀದ್ ಕಟ್ಟಿಸಿದ, 20 ಗುಮ್ಮಟಗಳ ಮಸೀದಿ. ವಜೂ ಮಾಡುವ ಕಾರಂಜಿ ಅಂಗಳದಲ್ಲಲ್ಲ, ಒಳಗೇ, ನಡು ಗುಮ್ಮಟದ ಬೆಳಕಿನ ಕೆಳಗೆ. ನಮ್ಮ ಓಣಿಯ ಮಸೀದಿಗೂ ನಮ್ಮ ಮನೆಗೂ 40 ಹೆಜ್ಜೆ. 16 ವರ್ಷದಲ್ಲಿ ಅದರ ಒಳಗನ್ನು ಮಗಳು ನೋಡಿದ್ದಿಲ್ಲ. ಅವರೂ ಹನಫಿಗಳು, ನಾವೂ ಹನಫಿಗಳು. “ಅಬ್ಬಾ, ಇಲ್ಲಿ ಅಜ್ಜಿಯರಿಗೆ ಇರುವ ಜಾಗ ಅಲ್ಲಿ ಯಾಕಿಲ್ಲ?” ಎಂದು ಕೇಳಿದಳು. ಈ ಪ್ರಶ್ನೆಯನ್ನು ನಾವು ಮಸೀದಿಯ ಕಮಿಟಿಯವರ ಮುಂದೆ ಇಟ್ಟಿದ್ದೇವೆ. ಜಾಗ ಚಿಕ್ಕದು ಎಂದಿದ್ದಾರೆ.

ಆ ಮಸೀದಿಯ ಗೋಡೆ ಕಂಬಗಳ ಮೇಲೆಲ್ಲ ಆಳೆತ್ತರದ ಅಕ್ಷರಗಳು. ಮಗಳು ಓದುತ್ತಾ ಹೋದದ್ದನ್ನು ಬಾಬಾನ್ನೆ ಗಮನಿಸಿದರು. ತುರ್ಕಿಯಲ್ಲಿ 1928ರಲ್ಲಿ ಅರಬಿ ಲಿಪಿ ಹೋಗಿ ಲ್ಯಾಟಿನ್ ಲಿಪಿ ಬಂತು. ಬಾಬಾನ್ನೆಗೆ ಕುರ್‌ಆನ್ ಓದಲು ಬರುತ್ತದೆ, ಆದರೆ ಜೇರ್ ಜಬರ್ ಚಿಹ್ನೆಗಳಿದ್ದರೆ ಮಾತ್ರ. ಚಿಹ್ನೆಗಳಿಲ್ಲದೆ ಓದುವುದು ನಮ್ಮ ಉರ್ದು ಶಾಲೆಯ ಮಕ್ಕಳಿಗೆ ಎರಡನೇ ತರಗತಿಯ ಅಭ್ಯಾಸ. ಮನೆಗೆ ಬಂದವರೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಕುರ್‌ಆನ್ ಬಿಚ್ಚಿ ಕೊನೆಯ ಖಾಲಿ ಹಾಳೆ ತೋರಿಸಿದರು. ಅವರ ಮಾವನ ಕೈಬರಹ, ನಾಲ್ಕು ಸಾಲು. ನೂರು ವರ್ಷದಲ್ಲಿ ಆ ಮನೆಯಲ್ಲಿ ಓದಬಲ್ಲವರು ಇರಲಿಲ್ಲ.

ಮಗಳು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಅವಳಿಗೆ ಅರ್ಥವಾಗುತ್ತಿರಲಿಲ್ಲ, ಅವರಿಗೆ ಅಕ್ಷರ ಕಾಣುತ್ತಿರಲಿಲ್ಲ. “ಊಗ್ಲಮ್” ಎಂದಳು. “ಓಗ್ಲುಮ್! ನನ್ನ ಮಗ!” ಎಂದರು ತಂದೆ. “ತೂಗ್ದಿ.” “ದೋದು, ಹುಟ್ಟಿದ!” “ಕಲ್ದಕ್” ಎಂದಾಗ ಎಲ್ಲರೂ ಒಟ್ಟಿಗೆ “ಗೆಲ್ದಿಕ್” ಎಂದರಂತೆ. ಬಂದೆವು. ಬುರ್ಸಾ ಎಂಬುದು ಸಲೀಸಾಗಿ ಸಿಕ್ಕಿತು. ವರ್ಷ 1340. ಹಿಜರಿಯೋ ಹಳೆಯ ರೂಮಿ ಪಂಚಾಂಗದ್ದೋ ಎಂದು ಸ್ವಲ್ಪ ವಾದವಾಯಿತು. ರೂಮಿಯಾದರೆ 1924, ಅದೇ ಸರಿ ಎಂದರು ಬಾಬಾನ್ನೆ. ಮಾವನವರು ಬಂದದ್ದು ‘ಮುಬಾದೆಲೆ’ಯ ವರ್ಷ.

ಉರ್ದುವಿನ ಮುಬಾದಲಾ, ಅಂದರೆ ವಿನಿಮಯ. 1923ರ ಜನವರಿ 30ರಂದು ಲೋಸಾನ್‌ನಲ್ಲಿ ಗ್ರೀಸ್ ಮತ್ತು ತುರ್ಕಿ ಮಾಡಿಕೊಂಡ ಒಪ್ಪಂದದಂತೆ ಅನಾತೋಲಿಯದ ಸುಮಾರು 12 ಲಕ್ಷ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿಗೆ, ಗ್ರೀಸಿನ ಸುಮಾರು 4 ಲಕ್ಷ ಮುಸಲ್ಮಾನರು ತುರ್ಕಿಗೆ ಸೇರಬೇಕಾಯಿತು. ಅನೇಕರು ಒಪ್ಪಂದಕ್ಕೆ ಮೊದಲೇ ಯುದ್ಧದಲ್ಲಿ ಓಡಿದವರು. ಆಡುವ ಭಾಷೆ ಯಾವುದೆಂದು ಕೇಳಲಿಲ್ಲ, ಮತವೊಂದನ್ನೇ ನೋಡಿದರು. ಬುರ್ಸಾದಲ್ಲಿ ಹೀಗೆ ಬಂದವರ ಮಕ್ಕಳು ಮೊಮ್ಮಕ್ಕಳು ಬಹಳ. ‘ವಿನಿಮಯ ವಿದ್ಯಾರ್ಥಿ’ ಎಂದು ಮಗಳ ಗುರುತಿನ ಚೀಟಿಯಲ್ಲಿದ್ದ ಪದ ಬಾಬಾನ್ನೆಗೆ ಮೊದಲ ದಿನದಿಂದಲೂ ಯಾಕೆ ಹಿಡಿಸಿರಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. “ಹತ್ತು ತಿಂಗಳಿಗೆ ವಾಪಸು ಕಳಿಸುವುದು ವಿನಿಮಯ ಹೇಗಾಗುತ್ತದೆ?” ಎಂದು ಕೇಳುತ್ತಿದ್ದರಂತೆ ಮುದುಕಿ.

ನಾಲ್ಕು ಸಾಲಿನಲ್ಲಿ ಒಂದು ಪದ ಮಾತ್ರ ಸಿಗಲಿಲ್ಲ. ಅದರ ಮುಂದೆ ಇವಳು “ಕೂಯಿ” ಎಂದು ಓದಿದ್ದನ್ನು ಅವರು ‘ಕೊಯ್’ ಎಂದು ಗುರುತಿಸಿದರು. ಅಂದರೆ ಹಳ್ಳಿ. ಹಾಗಾಗಿ ಅದಕ್ಕೆ ಮೊದಲಿನದು ಹಳ್ಳಿಯ ಹೆಸರು, ಮಗ ಹುಟ್ಟಿದ, ಬಿಟ್ಟು ಬಂದ ಹಳ್ಳಿ. ಮಾವನವರು ಬದುಕಿರುವಷ್ಟು ದಿನ ‘ನಮ್ಮೂರು’ ಎಂದರೇ ಹೊರತು ಹೆಸರೆತ್ತಲಿಲ್ಲವಂತೆ.

ಮಗಳು ಹಾಳೆಯ ಫೋಟೋ ಕಳಿಸಿದಳು. ನಾವು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆವು. ಮೊದಲ ಅಕ್ಷರದ ಮೇಲೆ ಒಂದು ಚುಕ್ಕೆಯೋ ಎರಡೋ, ‘ಫೆ’ಯೋ ‘ಕಾಫೋ’ ತಿಳಿಯದು. ಶಾಯಿ ಅಳಿಸಿದೆ. ನಮಗೆ ಉರ್ದು ಕಲಿಸಿದ ಮೇಷ್ಟ್ರು, ಈಗ 80 ದಾಟಿದವರು, ಭೂತಗನ್ನಡಿ ಹಿಡಿದು ಒಂದು ಮಧ್ಯಾಹ್ನವೆಲ್ಲ ಕೂತರು. ಮೂರು ಹೆಸರುಗಳಾಗಬಹುದು ಎಂದು ಮೂರನ್ನೂ ತಮ್ಮ ಚೆಂದದ ಅಕ್ಷರದಲ್ಲಿ ಬರೆದುಕೊಟ್ಟರು. ಕೆಳಗೆ ಮಗಳು ಲ್ಯಾಟಿನ್ ಲಿಪಿಯಲ್ಲಿ ಬರೆದು ಬುರ್ಸಾಕ್ಕೆ ಕಳಿಸಿದ್ದಾಳೆ. ಅಲ್ಲಿಯ ತಂಗಿ ಗ್ರೀಸಿನ ಹಳೆಯ ನಕ್ಷೆಗಳನ್ನು ಹುಡುಕುತ್ತಿದ್ದಾಳೆ. ಶುಕ್ರವಾರ ರಾತ್ರಿ ಫೋನಿನಲ್ಲಿ ಇಬ್ಬರದೂ ಇದೇ ಮಾತು, ಅರ್ಧ ತುರ್ಕಿ, ಅರ್ಧ ಇಂಗ್ಲಿಷ್. ನಡುವೆ ಆ ತಾಯಿ ಕಾಣಿಸಿಕೊಂಡು ಇವಳ ಕಾಲಿಗೆ ತೆರ್ಲಿಕ್ ಇದೆಯೇ ಎಂದು ಕೇಳುತ್ತಾರೆ.